ಚೌಬಾರಾದಿಂದ ಗವಾನ್ ಚೌಕದವರೆಗೆ

ಬೀದರಿನ ಹಳೇ ಶಹರದ ನಟ್ಟನಡುವೆ ನಿಂತಿರುವ ಚೌಬಾರಾ ಕಣ್ಣಿಗೆ ಬೀಳುವ ಕಟ್ಟಡವೇ ಹೊರತು ಕಣ್ಣು ಸೆಳೆಯುವ ಕಟ್ಟಡವಲ್ಲ. ಅಗಲವಾದ ದುಂಡು ಪೀಠ, ಅದರ ಸುತ್ತ ಕಮಾನಿನ ಗೂಡುಗಳು, ಮೇಲೆ ಕಿರಿದಾಗುತ್ತ ಏರುವ ಗೋಪುರ, ತುದಿಯಲ್ಲಿ ನಾಲ್ಕೂ ದಿಕ್ಕಿಗೆ ಮುಖ ಮಾಡಿದ ಗಡಿಯಾರ. ಎತ್ತರ 71 ಅಡಿ, ಒಳಗೆ 80 ಮೆಟ್ಟಿಲಿನ ಸುರುಳಿ ಏಣಿ. ಇದರ ಬುಡದಲ್ಲಿ ಹಳೇ ಊರಿನ ನಾಲ್ಕು ದಾರಿಗಳು ಕೂಡುತ್ತವೆ. ಬಡಗಣ ದಾರಿ ಹಿಡಿದು ಹತ್ತು ನಿಮಿಷ ನಡೆಯುವುದರೊಳಗೆ ಮಹಮೂದ್ ಗವಾನನ ಮದರಸಾ ಎದುರಾಗುತ್ತದೆ; ಆ ಸುತ್ತಲಿಗೇ ಗವಾನ್ ಚೌಕ ಎಂದು ಹೆಸರು. ಅಲ್ಲಿಂದ ಮುಂದೆ ತಖ್ತ್-ಎ-ಕಿರ್ಮಾನಿ ಎಂಬ ಹಳೇ ಕಟ್ಟಡ, ಆಮೇಲೆ ಕೋಟೆ. ಬೀದರ ಸೀಮೆಯವರು ತಮ್ಮ ಚರಿತ್ರೆಯನ್ನು ನೆನೆಯುವಾಗ ಮೊದಲು ಕೋಟೆಯ ಹೆಸರು ಹೇಳುತ್ತಾರೆ, ನಂತರ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನ ಗುಮ್ಮಟಗಳು, ನಂತರ ಮದರಸಾ. ಚೌಬಾರಾದ ಮಾತು ಬರುವುದು ದಾರಿ ಹೇಳುವಾಗ ಮಾತ್ರ: ಅಲ್ಲಿಂದ ಎಡಕ್ಕೆ ಹೊರಳಿ, ಅಲ್ಲಿಂದ ನೆಟ್ಟಗೆ ಹೋಗಿ. ಈ ಅನುಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಸುಮಾರು ಆರು ನೂರು ವರ್ಷದಿಂದ ಬೀದರಿನಲ್ಲಿ ಎಡೆಬಿಡದೆ ನಡೆದು ಬಂದಿರುವುದು ಈ ಕೂಡುದಾರಿಯ ಬದುಕು. ಅರಮನೆಗಳದ್ದೂ ಅಲ್ಲ, ವಿದ್ಯಾಪೀಠದ್ದೂ ಅಲ್ಲ. ದಾರಿಯನ್ನು ಬಿಟ್ಟು ಅದರ ದಂಡೆಯ ಕಟ್ಟಡಗಳನ್ನಷ್ಟೇ ಒಂದೊಂದಾಗಿ ಆರಿಸಿ ಸ್ಮಾರಕವೆಂದು ಬೇಲಿ ಹಾಕಿದ್ದರಿಂದ ನಮ್ಮ ನೆನಪು ಅರ್ಧವಾಗಿದೆ, ಉಳಿದರ್ಧದ ನೆಲೆಯೂ ಸಡಿಲಾಗುತ್ತಿದೆ.

ಮೊದಲು ಈ ಕೂಡುದಾರಿ ಬಂದದ್ದಾದರೂ ಎಲ್ಲಿಂದ ಎಂದು ನೋಡೋಣ. ಬಹಮನಿ ಸುಲ್ತಾನ ಅಹಮದ್ ಶಾ ವಲಿ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದದ್ದು 15ನೇ ಶತಮಾನದ ಮೂರನೆಯ ದಶಕದ ಹೊತ್ತಿಗೆ. ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲು, ಅದರ ಅಂಚಿನಲ್ಲಿ ಕೋಟೆ, ಕೋಟೆಗೆ ಅಂಟಿಕೊಂಡು ಊರು, ಊರಿನ ಎದೆಯಲ್ಲಿ ನಾಲ್ಕು ದಾರಿ. ಇರಾನಿನ ಕಡೆಯಿಂದ ಬಂದ ವಿದ್ವಾಂಸರು, ಕುಶಲಕರ್ಮಿಗಳು ಆ ದರ್ಬಾರಿನಲ್ಲಿ ತುಂಬಿದ್ದರಿಂದ, ಹೆರಾತಿನಂಥ ಪಟ್ಟಣದ ಚಾರ್‌ಸೂ (ನಾಲ್ಕು ದಾರಿ ಕೂಡುವ ಪೇಟೆ) ಕಟ್ಟಳೆಯೇ ಇಲ್ಲಿಗೂ ಬಂತೆಂದು ಹೇಳುವುದು ಸುಲಭ. ಊರಿನ ಜನ ಹೇಳುವುದು ಬೇರೆ: ಚೌಬಾರಾ ಸುಲ್ತಾನರಿಗಿಂತ ಹಳೆಯದು, ಹಿಂದೂ ಅರಸರ ಕಾಲದ್ದು. ಪೀಠದ ಕಮಾನುಗಳ ವರಸೆ ನೋಡಿದರೆ ಈಗಿರುವ ಕಟ್ಟಡ ಬಹಮನಿ ಕಾಲದ್ದೆಂದೇ ತೋರುತ್ತದೆ. ಆದರೂ ಜನರ ನಂಬಿಕೆಯನ್ನು ನಕ್ಕು ತಳ್ಳಿಬಿಡುವುದು ಜಾಣತನವಾಗದು. ಕಾಕತೀಯರ ವರಂಗಲ್ಲಿನಲ್ಲಿ ಸ್ವಯಂಭೂ ಶಿವನ ಗುಡಿಯನ್ನು ನಡುವಿಟ್ಟು ನಾಲ್ಕು ತೋರಣಗಳು, ನಾಲ್ಕು ದಿಕ್ಕಿನ ದಾರಿಗಳು ಇದ್ದವು. ಬೀದರ ಸೀಮೆ ತುಘಲಕರ ಕೈಸೇರುವ ಮುನ್ನ ಅದೇ ಕಾಕತೀಯರ ನೆರಳಲ್ಲಿತ್ತು. ಅಂದಮೇಲೆ ಊರಿನ ನಡುವನ್ನು ನಾಲ್ಕು ದಾರಿಯಿಂದ ಗುರುತಿಸುವ ಪದ್ಧತಿ ದಖನ್ನಿಗೆ ಹೊಸದಾಗಿರಲಿಲ್ಲ. ಪರ್ಷಿಯಾದಿಂದ ಬಂದದ್ದಕ್ಕೆ ಇಲ್ಲಿ ಮೊದಲೇ ಇದ್ದದ್ದು ಜೊತೆಯಾಯಿತು ಎನ್ನುವುದೇ ಸರಿಯಾದೀತು. ಹೈದರಾಬಾದಿನ ಚಾರ್‌ಮಿನಾರ್ ಎದ್ದದ್ದು 1591ರಲ್ಲಿ. ಅದೂ ನಾಲ್ಕು ದಾರಿಯ ಕೂಡಿನಲ್ಲೇ. ಜಗತ್ತಿಗೆಲ್ಲ ಗೊತ್ತಾದ ಆ ಚೌಕಕ್ಕೆ ಒಂದೂವರೆ ಶತಮಾನ ಮುಂಚೆಯೇ ಬೀದರ ತನ್ನ ನಡುವನ್ನು ನೆಟ್ಟಿತ್ತು. ಬೀದರಿನವರು ಈ ಮಾತನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬಹುದಿತ್ತು.

ಚೌಬಾರಾ ಊರಿನ ಕಾವಲಿನ ಕಣ್ಣಾದರೆ ಗವಾನ್ ಚೌಕ ಊರಿನ ಓದಿನ, ವ್ಯಾಪಾರದ ಅಂಗಳ. ಇರಾನಿನ ಗೀಲಾನಿನವನಾದ ಮಹಮೂದ್ ಗವಾನ್ ವ್ಯಾಪಾರಿಯಾಗಿ ದಾಭೋಳ ಬಂದರಿಗೆ ಇಳಿದು, 1453ರ ಸುಮಾರಿಗೆ ಬೀದರಿಗೆ ಬಂದು, ಮಂತ್ರಿಪದವಿಗೆ ಏರಿದವನು. ಮಲಿಕ್-ಉತ್-ತುಜ್ಜಾರ್, ವ್ಯಾಪಾರಿಗಳ ಒಡೆಯ, ಎಂಬ ಬಿರುದನ್ನು ದರ್ಬಾರಿನಲ್ಲೂ ಹೊತ್ತು ನಡೆದವನು. ಅವನ ಮದರಸಾ 1472ರಲ್ಲಿ ಮುಗಿಯಿತು: 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು, ಮುಖಕ್ಕೆಲ್ಲ ಬಣ್ಣದ ಹೆಂಚಿನ ಹೊದಿಕೆ, ಮುಂಭಾಗದ ಎರಡು ಮೂಲೆಯಲ್ಲಿ ನೂರು ಅಡಿ ಮೀರಿದ ಮಿನಾರುಗಳು, ಮೂರು ಸಾವಿರ ಹಸ್ತಪ್ರತಿಗಳ ಭಂಡಾರ. ಆ ಕಟ್ಟಡ ಏಳುತ್ತಿದ್ದ ವರ್ಷಗಳಲ್ಲೇ ರಷ್ಯಾದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ತನ್ನ ಕುದುರೆಯನ್ನು ಮಾರಲು ಬೀದರಿನಲ್ಲಿ ತಂಗಿದ್ದ. ಅವನ ಬರಹದಲ್ಲಿ ಕುದುರೆ ಇದೆ, ಬಟ್ಟೆ ಇದೆ, ರೇಷ್ಮೆ ಇದೆ, ಗುಲಾಮರ ಮಾರಾಟವೂ ಇದೆ. ಸುಲ್ತಾನನ ಮೆರವಣಿಗೆಯ ವೈಭವ, ಬಡವರ ದೈನ್ಯ ಎರಡೂ ಇವೆ. ಪಂಡಿತರು ಆ ಊರಿನಲ್ಲಿ ಮದರಸಾವನ್ನು ಕಂಡರೆ ಪರದೇಶದ ವ್ಯಾಪಾರಿ ಕಂಡದ್ದು ಬಜಾರನ್ನು. ಒಂದೇ ಚೌಕದಲ್ಲಿ ಎರಡೂ ಇದ್ದವು ಎಂಬುದಕ್ಕೆ ನಮಗೆ ಒಳ್ಳೆಯ ಸಾಕ್ಷಿ ಬಿಜಾಪುರದಲ್ಲಿ ಕೂತು ಬರೆದ ಫೆರಿಷ್ತಾ. 17ನೇ ಶತಮಾನದ ಆರಂಭದಲ್ಲಿ ಗವಾನನ ಕೊಡುಗೆಯನ್ನು ಸ್ಮರಿಸುವಾಗ ಅವನು ಮದರಸಾ ಒಂದನ್ನೇ ಹೆಸರಿಸುವುದಿಲ್ಲ. ಮಸೀದಿಯನ್ನೂ ದೊಡ್ಡ ಚೌಕವನ್ನೂ ಸೇರಿಸಿ, ಇವೆಲ್ಲ ತನ್ನ ಕಾಲಕ್ಕೂ ಇಡಿಯಾಗಿ ನಿಂತಿವೆ ಎನ್ನುತ್ತಾನೆ. ಗವಾನ್ ಕಟ್ಟಿಸಿದ್ದು ಒಂದು ಕಟ್ಟಡವಲ್ಲ, ಒಂದು ಜಾಗ ಎಂಬ ತಿಳಿವಳಿಕೆ ಆ ಚರಿತ್ರೆಕಾರನಿಗಿತ್ತು. ನಾವು ಇಂದು ಟಿಕೆಟಿನ ಮೇಲೆ, ಫಲಕದ ಮೇಲೆ, ಪಠ್ಯಪುಸ್ತಕದ ಚಿತ್ರದಲ್ಲಿ ಕಾಣುವುದು ಅದರಲ್ಲಿ ಮೂರನೆಯ ಒಂದು ಪಾಲನ್ನು.

ಮುಂದಿನ ಕತೆ ಎಲ್ಲರಿಗೂ ಗೊತ್ತು. ಖೋಟಾ ಪತ್ರವೊಂದನ್ನು ನಂಬಿದ ಸುಲ್ತಾನ ಮೂರನೇ ಮುಹಮ್ಮದ್ ಶಾ 1481ರಲ್ಲಿ ಗವಾನನ ತಲೆ ತೆಗೆಸಿದ. ಬಹಮನಿ ರಾಜ್ಯ ಒಡೆದು ಐದಾಯಿತು. ಬೀದರ ಬರೀದ್ ಶಾಹಿಗಳಿಗೆ, 1619ರಲ್ಲಿ ಬಿಜಾಪುರಕ್ಕೆ, 1657ರಲ್ಲಿ ಮೊಗಲರಿಗೆ, ಮುಂದೆ ನಿಜಾಮರಿಗೆ ಹೋಯಿತು. ಇಷ್ಟು ಕೈ ಬದಲಾದ ಊರಿನಲ್ಲಿ ಯಾವುದು ಉಳಿಯಿತು, ಯಾವುದು ಉರುಳಿತು ಎಂದು ಕೇಳಿದರೆ ನನ್ನ ವಾದದ ಮೊದಲ ಆಧಾರ ಸಿಗುತ್ತದೆ. ಓದುವವರು, ಓದಿಸುವವರು ಚದುರಿದ ಮೇಲೆ ಮದರಸಾ ಕೆಲಸವಿಲ್ಲದ ಕಟ್ಟಡವಾಯಿತು. ಕೆಲಸವಿಲ್ಲದ ಗಟ್ಟಿ ಕಟ್ಟಡ ಸೈನ್ಯದ ಕಣ್ಣಿಗೆ ಬೀಳದೆ ಇರುವುದುಂಟೇ! ಔರಂಗಜೇಬನ ಕಾಲಕ್ಕೆ ಅದು ಸಿಪಾಯಿಗಳ ತಂಗುದಾಣವಾಗಿ, ಮದ್ದಿನ ಕೋಠಿಯಾಗಿ, 1696ರಲ್ಲಿ ಸಿಡಿಲು ಬಡಿದು ಮದ್ದು ಸಿಡಿಯಿತು. ಮುಂಭಾಗದ ಅರ್ಧ, ದಕ್ಷಿಣದ ಒಂದು ಪಾಲು, ಒಂದು ಮಿನಾರು ಹೋದವು. ಈಗ ಬಡಗಣ ಮಿನಾರು ಒಂಟಿಯಾಗಿದೆ. ಚೌಬಾರಾಕ್ಕೆ ಮಾತ್ರ ಕೆಲಸ ತಪ್ಪಲಿಲ್ಲ. ಮೇಲೇರಿದರೆ ಸುತ್ತಲ ಬಯಲೆಲ್ಲ ಕಾಣುವ ಎತ್ತರವಾದ್ದರಿಂದ ಮೊದಲು ಕಾವಲುಗೋಪುರ. ತೋಪು, ತಂತಿ ಬಂದು ಕಾವಲಿನ ಅಗತ್ಯ ಮುಗಿದ ಮೇಲೆ ಗಡಿಯಾರದ ಗೋಪುರ. ಕೈಗಡಿಯಾರ ಬಂದ ಮೇಲೆ ಊರಿನ ಗುರುತು. ಅದನ್ನು ಕೆಡವಿದರೆ ಯಾರ ದಿನಚರಿಯಾದರೂ ತಪ್ಪುತ್ತಿತ್ತು. ಎರಡರ ನಡುವಿನ ಅಂತರಕ್ಕೆ ಕಲ್ಲು, ಗಚ್ಚಿನ ಗಟ್ಟಿತನ ಕಾರಣವಲ್ಲ. ಒಂದಕ್ಕೆ ಸುತ್ತಲ ಜನರ ದಿನನಿತ್ಯದ ನಂಟು ಉಳಿದಿತ್ತು, ಇನ್ನೊಂದಕ್ಕೆ ಕಡಿದಿತ್ತು.

ಇದಕ್ಕೆ ಕೂಡಲೇ ಬರುವ ಆಕ್ಷೇಪ ಹೀಗೆ: ಮದ್ದು ತುಂಬುವುದೂ ಒಂದು ಬಳಕೆಯೇ ಅಲ್ಲವೆ? ಬಳಕೆಯಿಂದಲೇ ಮದರಸಾ ಸಿಡಿದು ಹೋದದ್ದು. ಬಳಕೆ ಉಳಿಸುತ್ತದೆ ಎಂದು ಹೇಗೆ ಹೇಳುತ್ತೀರಿ? ಆಕ್ಷೇಪ ನ್ಯಾಯವಾದದ್ದು. ಆದ್ದರಿಂದ ನನ್ನ ಮಾತನ್ನು ಇನ್ನಷ್ಟು ಬಿಗಿ ಮಾಡಬೇಕಾಗುತ್ತದೆ. ಬಳಕೆ ಸಾಲದು, ಬಳಸುವವರು ಆ ಚೌಕಕ್ಕೆ ಉತ್ತರ ಹೇಳಬೇಕಾದವರಾಗಿರಬೇಕು. ದಂಡಿಗೆ ಬಂದ ಸಿಪಾಯಿ ನಾಳೆ ಇನ್ನೊಂದು ಕೋಟೆಗೆ ಹೋಗುವವನು. ಮದ್ದು ಸಿಡಿದರೆ ಅವನ ಮನೆಯ ಗೋಡೆ ಬೀಳುವುದಿಲ್ಲ. ಚೌಬಾರಾದ ಸುತ್ತಲಿನವರ ಸಂಗತಿ ಹಾಗಲ್ಲ. ಇದಕ್ಕೆ ಆಧಾರ ಹಳೇ ಶಹರದ ನಾಲ್ಕು ತಾಲೀಮುಗಳು. ಊರಿನ ನಾಲ್ಕು ಪಾಲಿಗೆ ನಾಲ್ಕು ಗರಡಿಮನೆ: ಸಿದ್ದಿ ತಾಲೀಮು, ನೂರ್‌ಖಾನ್ ತಾಲೀಮು, ಪನ್ಸಾಲ್ ತಾಲೀಮು, ಮನಿಯಾರ್ ತಾಲೀಮು. ಇಂದಿಗೂ ಇವು ಮೊಹಲ್ಲಾಗಳ ಹೆಸರು. ಅಂಚೆಯ ವಿಳಾಸದಲ್ಲೂ ಬರುತ್ತವೆ, ಬರೆಯುವವರಿಗೆ ಅದರ ಹಿಂದಿನ ಮಣ್ಣು, ಕುಸ್ತಿ, ಲೇಜೀಮು ನೆನಪಿರಲಿ ಬಿಡಲಿ. ಪಾಲಿಗೊಂದು ತಾಲೀಮು ಎಂದರೆ ಪೈಲವಾನರ ಪೈಪೋಟಿ, ಮೊಹರಂ ಮೆರವಣಿಗೆಯ ವರಸೆ, ಜೊತೆಗೆ ತಮ್ಮ ಗಲ್ಲಿಯ ಬಗ್ಗೆ ಒಂದು ಹೊಣೆ. ಪೈಪೋಟಿಯಿಂದ ಜಗಳಗಳೂ ಆಗುತ್ತಿದ್ದವು, ಅದನ್ನು ಮುಚ್ಚಿಡುವ ಕಾರಣವಿಲ್ಲ. ಗುಲಾಂ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರಿನ ಮಹಾಗ್ರಂಥದಲ್ಲಿ ಅರಮನೆ, ಗುಮ್ಮಟಗಳ ಸಾಲಿನಲ್ಲೇ ಈ ತಾಲೀಮುಗಳಿಗೂ ಜಾಗ ಕೊಟ್ಟಿದ್ದಾರೆ. ಸ್ಮಾರಕಗಳನ್ನು ಅಳೆದು ಬರೆದ ಮೊದಲ ದೊಡ್ಡ ವಿದ್ವಾಂಸರಿಗೇ ಗರಡಿಮನೆಯೂ ಊರಿನ ವಾಸ್ತುವಿನ ಅಂಗವೆಂದು ಕಂಡಿತ್ತು. ಅವರ ನಂತರದ ಪಟ್ಟಿಗಳಲ್ಲಿ ಪೈಲವಾನರು ಹೇಗೋ ಬಿಟ್ಟುಹೋದರು.

ಯಜ್ದಾನಿಯವರ ಹೆಸರು ಬಂದಾಗ ಎರಡನೆಯ, ಇನ್ನೂ ಬಲವಾದ ಆಕ್ಷೇಪ ಎದ್ದು ನಿಲ್ಲುತ್ತದೆ. ಹೈದರಾಬಾದ್ ಸಂಸ್ಥಾನ 1914ರಲ್ಲಿ ಪುರಾತತ್ತ್ವ ಇಲಾಖೆ ತೆರೆದು ಅವರನ್ನು ಮುಖ್ಯಸ್ಥರನ್ನಾಗಿ ಮಾಡದೆ ಹೋಗಿದ್ದರೆ, ಕೋಟೆಯ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸ ಉಳಿಯುತ್ತಿತ್ತೆ? ಸೋಲಾ ಖಂಬಾ ಮಸೀದಿ ಉಳಿಯುತ್ತಿತ್ತೆ? ಚೌಕದ ಜನ ನಂಟು ಉಳಿಸಿಕೊಂಡದ್ದೇ ಕಟ್ಟಡ ಕಾಪಾಡಿತು ಎನ್ನುವವರು, ಅದೇ ಜನ ಬಿದ್ದ ಕಟ್ಟಡದ ಕಲ್ಲು ಹೊತ್ತು ಮನೆ ಕಟ್ಟಿಕೊಂಡದ್ದನ್ನು ಮರೆಯಬಾರದು. ಇದನ್ನು ಒಪ್ಪಲೇಬೇಕು. ಇಲಾಖೆ ಬರದಿದ್ದರೆ ಇಂದು ನೋಡಲು ಬಹಳ ಉಳಿಯುತ್ತಿರಲಿಲ್ಲ. ನನ್ನ ತಕರಾರು ಇಲಾಖೆಯ ಕಾಳಜಿಯ ಮೇಲಿಲ್ಲ, ಅದಕ್ಕೆ ಕಾನೂನು ಕೊಟ್ಟ ಅಳತೆಗೋಲಿನ ಮೇಲಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಗಿ, ಕೇಂದ್ರರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ ಎಂದಾಯಿತು. ಬಯಲಿನಲ್ಲಿ ಒಂಟಿಯಾಗಿ ನಿಂತ ಅಷ್ಟೂರಿನ ಗುಮ್ಮಟಗಳಿಗೆ ಇದು ಒಳ್ಳೆಯ ಕಾಪು. ಅದೇ ಗೋಲನ್ನು ಗವಾನ್ ಚೌಕದಲ್ಲಿ ಹಿಡಿದು ನೋಡಿ. ಮದರಸಾದ ಗೋಡೆಯಿಂದಲೇ ಅಳೆದರೂ ನಿಷೇಧಿತ ವಲಯ ಸುಮಾರು 14 ಎಕರೆಯಾಗುತ್ತದೆ, ನಿಯಂತ್ರಿತ ವಲಯವನ್ನೂ ಸೇರಿಸಿದರೆ ಸುಮಾರು 88 ಎಕರೆ. ಇದು ಹೊಲದ ಎಕರೆಯಲ್ಲ, ಮನೆಗೆ ಮನೆ ತಾಕಿದ ಹಳೇ ಶಹರ. ನಿಷೇಧಿತ ವಲಯದಲ್ಲಿ ಹೊಸ ಮನೆ ಏಳುವಂತಿಲ್ಲ, ಹಳೆಯದನ್ನು ರಿಪೇರಿ ಮಾಡಲೂ ಅನುಮತಿ ಬೇಕು; ನಿಯಂತ್ರಿತ ವಲಯದಲ್ಲಿ ಕಟ್ಟಲೂ ರಿಪೇರಿಗೂ ಅನುಮತಿ ಬೇಕು. ಅನುಮತಿಗೆ ಓಡಾಡುವ ಶಕ್ತಿ ಇಲ್ಲದವರು ಮಳೆಗೆ ಒದ್ದೆಯಾದ ಗೋಡೆಯನ್ನು ಹಾಗೇ ಬಿಡುತ್ತಾರೆ, ಶಕ್ತಿ ಇದ್ದವರು ರಾತ್ರೋರಾತ್ರಿ ಕಾಂಕ್ರೀಟು ಸುರಿಯುತ್ತಾರೆ. ಎರಡರಿಂದಲೂ ಹೋಗುವುದು ಗಚ್ಚು, ಕಟ್ಟಿಗೆಯ ಹಳೇ ಮನೆಯೇ. ಸ್ಮಾರಕದ ಸುತ್ತಲ ಹಳತನ್ನು ಕಾಯಲೆಂದು ಮಾಡಿದ ವಲಯದಲ್ಲಿ ಹಳತೇ ಮೊದಲು ಕುಸಿಯುವಂತೆ ಆಗಿದ್ದರೆ ಅಳತೆಗೋಲಿನಲ್ಲೇ ಏನೋ ಲೋಪವಿದೆ. ಕಾನೂನಿನ ಕಣ್ಣಿಗೆ ಈ 88 ಎಕರೆ ಸ್ಮಾರಕಕ್ಕೆ ಬರಬಹುದಾದ ಅಪಾಯ. ಫೆರಿಷ್ತಾನ ಕಣ್ಣಿಗೆ ಅದೇ ಸ್ಮಾರಕದ ಭಾಗವಾಗಿತ್ತು.

ಕಾನೂನು ಬಿಗಿಯಾದ ಕಡೆ ಹೀಗಾದರೆ, ಸಡಿಲಾದ ಕಡೆ ರಸ್ತೆ ಅಗಲೀಕರಣದ ಗೆರೆ ಬೀಳುತ್ತದೆ. ಮೂರು ಗಾಲಿಯ ಟಂಟಂ, ಸಾಮಾನಿನ ಲಾರಿ, ಶಾಲೆಯ ಬಸ್ಸು ಎಲ್ಲವೂ ಚೌಬಾರಾವನ್ನೇ ಸುತ್ತಿ ಹೋಗಬೇಕಾದಾಗ ದಾರಿ ಅಗಲವಾಗಲಿ ಎಂದು ಜನ ಕೇಳುವುದು ತಪ್ಪಲ್ಲ. ಆಂಬುಲೆನ್ಸಿಗೆ ದಾರಿ ಸಿಗದ ಊರಿನಲ್ಲಿ ಪರಂಪರೆಯ ಮಾತು ಯಾರ ಕಿವಿಗೂ ಇಂಪಾಗದು. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಕುದುರೆ, ಪಲ್ಲಕ್ಕಿ, ಎತ್ತಿನ ಗಾಡಿಗೆಂದು ಆದ ಈ ಬೀದಿಯ ಅಗಲಕ್ಕೂ ಅದರ ಎರಡು ಬದಿಯ ಅಂಗಡಿ ಸಾಲಿಗೂ ಒಂದು ಹೊಂದಿಕೆ ಇದೆ. ಹತ್ತು ಅಡಿ ಕೊರೆದರೆ ಅಂಗಡಿಯ ಮುಂಭಾಗ ಹೋಗುತ್ತದೆ, ಹಿಂದಿನ ಮನೆಗೆ ಬೆನ್ನೆಲುಬು ಉಳಿಯುವುದಿಲ್ಲ, ಅಗಲವಾದ ದಾರಿಗೆ ಇನ್ನಷ್ಟು ಗಾಡಿ ಬಂದು ಕೆಲ ವರ್ಷದಲ್ಲಿ ಮತ್ತೆ ಅದೇ ಇಕ್ಕಟ್ಟು. ನೆಲದ ಅಡಿಯ ಲೆಕ್ಕ ಬೇರೆಯೇ ಇದೆ. ಬೀದರಿನ ಕರೇಜ್ ಎಂದರೆ ಎಲ್ಲರೂ ನೌಬಾದಿನ ಸುರಂಗಬಾವಿಗಳನ್ನು ನೆನೆಯುತ್ತಾರೆ. ಹಳೇ ಶಹರದ ಗಲ್ಲಿಗಳ ಕೆಳಗೆ ಜಮ್ನಾ ಮೋರಿ ಎಂಬ ನೀರಿನ ಕಾಲುವೆಗಳ ಜಾಲವೂ ಇದೆ, ಮನೆಮನೆಗೆ ನೀರು ಹಂಚಲೆಂದು ಮಾಡಿದ್ದು. ಜಂಬಿಟ್ಟಿಗೆಯ ಬಯಲಿನ ಮೇಲೆ ಒಂದು ರಾಜಧಾನಿ ನಿಲ್ಲಲು ಸಾಧ್ಯವಾದದ್ದೇ ಈ ನೆಲದಡಿಯ ಜಾಣ್ಮೆಯಿಂದ. ಭಾರದ ಗಾಡಿ ಓಡಾಡಲೆಂದು ಬೀದಿ ಅಗೆಯುವವರು, ಕೇಬಲಿಗೆಂದು ತೋಡುವವರು ಅದರ ನಕ್ಷೆಯನ್ನು ಎದುರಿಗಿಟ್ಟುಕೊಂಡು ಅಗೆಯುತ್ತಾರೆಂದು ನನಗೆ ನಂಬಿಕೆ ಇಲ್ಲ. ಚಾರ್‌ಮಿನಾರಿನ ಸುತ್ತ ಗಾಡಿ ನಿಲ್ಲಿಸಿ ಕಾಲುದಾರಿ ಮಾಡುವ ಯೋಜನೆ ದಶಕಗಟ್ಟಲೆ ಎಳೆದಾಡಿಕೊಂಡಿತು, ಬಜಾರಿನವರು ವಿರೋಧಿಸಿದರು, ಕೊನೆಗೆ ಆದಷ್ಟು ಆಯಿತು. ಅಲ್ಲಿಯಷ್ಟು ಗಾಡಿಗಳಿಲ್ಲದ ಬೀದರಿಗೆ ಭಾರದ ವಾಹನಗಳನ್ನು ಹಗಲು ಹೊತ್ತು ದರ್ವಾಜಾಗಳ ಹೊರಗೇ ತಡೆಯುವುದು ಅಗಲೀಕರಣಕ್ಕಿಂತ ಅಗ್ಗದ ದಾರಿ. ಕೋಟೆಗೋಡೆಯ ಹೊರಗೆ ಬೆಳೆದ ಹೊಸ ಊರು, ಬಸ್ ನಿಲ್ದಾಣ, 1930ರ ಸುಮಾರಿಗೆ ಬಂದ ರೈಲು, ಇವೆಲ್ಲ ಭಾರವನ್ನು ಆಗಲೇ ಹೊರಗೆ ಎಳೆದಿವೆ.

ಇಷ್ಟಾದ ಮೇಲೂ ಒಬ್ಬರು ಕೇಳಬಹುದು, ಕೇಳಿದ್ದಾರೆ ಕೂಡ: ಸುಲ್ತಾನರ, ಮಂತ್ರಿಗಳ ಈ ಚೌಕ ಭಾಲ್ಕಿಯ, ಔರಾದಿನ, ಗಡಿಯಂಚಿನ ಎಕಂಬಾದ ರೈತನಿಗೆ ಏನಾಗಬೇಕು? ಅವನ ಅಜ್ಜನ ಪಾಲಿಗೆ ಬೀದರ ಶಹರ ಎಂದರೆ ಕಂದಾಯ, ಕೋರ್ಟು, ಅಪ್ಪಣೆ. ನನಗೆ ತೋಚುವ ಉತ್ತರ ಈ ಸೀಮೆಯ ನಕ್ಷೆಯಲ್ಲೇ ಇದೆ. 1956ರ ನವೆಂಬರ್ 1ಕ್ಕೆ ಮುಂಚೆ ಬೀದರ ಜಿಲ್ಲೆ ಎಂದರೆ ಈಗಿನ ಜಿಲ್ಲೆಯಾಗಿರಲಿಲ್ಲ. ಉದಗೀರ, ಅಹಮದಪುರ, ನಿಲಂಗಾ ಅದರೊಳಗಿದ್ದವು. ಜಹೀರಾಬಾದ್, ನಾರಾಯಣಖೇಡ ಅದರೊಳಗಿದ್ದವು. ಭಾಷೆಯ ಮೇಲೆ ರಾಜ್ಯಗಳು ವಿಂಗಡವಾದಾಗ ಮರಾಠಿಯ ಪಾಲು ಮುಂಬಯಿಗೆ, ತೆಲುಗಿನ ಪಾಲು ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ. ಮೂರು ಭಾಷೆಯ ಸೀಮೆಗೆ ನಡುವಾಗಿದ್ದ ಚೌಬಾರಾ ಒಂದು ರಾಜ್ಯದ ಬಡಗಣ ತುದಿಯ ಊರಿನದಾಯಿತು. ಕನ್ನಡನಾಡಿಗೆ ಸೇರಿದ್ದು ನ್ಯಾಯವೇ. ಭಾಲ್ಕಿಯಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಸೀಮೆಯಲ್ಲಿ ಇದನ್ನು ಬೇರೆ ಹೇಳಬೇಕಿಲ್ಲ. ಆದರೆ ಗೆರೆ ಎಳೆದದ್ದು ಆಡಳಿತಕ್ಕೆ, ಬಜಾರಿಗಲ್ಲ. ಎಕಂಬಾದಂಥ ಹಳ್ಳಿಯವರು ಸಂತೆ, ಬೀಗತನ, ದವಾಖಾನೆಗಳಿಗೆ ಗೆರೆಯ ಆಚೆಗೂ ಹೋಗುತ್ತಾರೆ, ಆಚೆಯವರು ಈಚೆಗೂ ಬರುತ್ತಾರೆ. ಚೌಬಾರಾದ ಅಂಗಡಿಕಾರ ಗಿರಾಕಿಯ ಮುಖ ನೋಡಿ ಕನ್ನಡ, ದಖನಿ, ಮರಾಠಿ, ತೆಲುಗು ಇವುಗಳಲ್ಲಿ ಯಾವುದು ಸಲ್ಲುತ್ತದೋ ಅದನ್ನು ಆಡುವುದು ಸೌಜನ್ಯಕ್ಕಾಗಿಯಲ್ಲ, ವ್ಯಾಪಾರಕ್ಕಾಗಿ. ಹಳೇ ಜಿಲ್ಲೆಯ ಹರಹು ಇಂದು ಉಳಿದಿರುವ ಒಂದೇ ಕಡೆ ಎಂದರೆ ಆ ಗಲ್ಲಾಪೆಟ್ಟಿಗೆಯ ಮಾತುಕತೆ. ರೈತನಿಗೆ ಚೌಕದಲ್ಲಿ ಪಾಲಿದೆ ಎನ್ನಲು ನನಗೆ ಸುಲ್ತಾನರ ವೈಭವ ಬೇಕಿಲ್ಲ, ಈ ಲೇವಾದೇವಿ ಸಾಕು.

ಪಾಲು ಎಂದ ಕೂಡಲೇ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948 ಅಡ್ಡ ಬರುತ್ತದೆ, ಬರಲೇಬೇಕು. ರಜಾಕಾರರ ಹಾವಳಿಯಲ್ಲಿ ಗೋರಟಾದಂಥ ಹಳ್ಳಿ ನೆತ್ತರು ಕಂಡಿತು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಿದ ಸುಂದರಲಾಲ್ ಸಮಿತಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಕಲಬುರಗಿ, ನಾಂದೇಡಗಳ ಜೊತೆ ಬೀದರನ್ನೂ ಹೆಸರಿಸಿತು. ಆ ವರದಿ ಜನರ ಕೈಗೆ ಸಿಕ್ಕಿದ್ದು 2013ರಲ್ಲಿ. ಒಂದೇ ಬಜಾರಿನ ಎರಡು ಬದಿಯ ಮನೆಗಳಲ್ಲಿ ಎರಡು ಬಗೆಯ ನೆನಪುಗಳಿವೆ. ಒಂದು ಮನೆಗೆ ಸೆಪ್ಟೆಂಬರ್ 17 ಧ್ವಜ ಏರಿಸುವ ದಿನ, ಇನ್ನೊಂದು ಮನೆ ಆ ತಿಂಗಳ ಬಗ್ಗೆ ಮಾತೇ ಆಡುವುದಿಲ್ಲ. 2022ರ ದಸರೆಯಲ್ಲಿ ಮೆರವಣಿಗೆಯ ಕೆಲವರು ಮದರಸಾದ ಆವರಣಕ್ಕೆ ನುಗ್ಗಿ ಪೂಜೆ ಮಾಡಿದರೆಂದು ದೂರು ದಾಖಲಾದಾಗ, ಹಳೇ ಶಹರವೆಲ್ಲ ಕೆಲ ದಿನ ಉಸಿರು ಹಿಡಿದಿತ್ತು. ಹಾಗಿದ್ದ ಮೇಲೆ ಚೌಕ ಎಲ್ಲರದು ಎನ್ನುವುದು ಬರೀ ಸಿಹಿಮಾತಲ್ಲವೆ ಎಂದು ಕೇಳುವವರಿಗೆ ನಾನು ಸೌಹಾರ್ದದ ಕತೆ ಹೇಳಿ ಸಮಾಧಾನ ಮಾಡಲು ಹೋಗುವುದಿಲ್ಲ. ಅಷ್ಟೂರಿನ ಅಹಮದ್ ಶಾ ವಲಿಯನ್ನು ಅಲ್ಲಮಪ್ರಭುವೆಂದು ನಂಬಿ ಉರುಸಿಗೆ ಜಂಗಮರೂ ಬರುತ್ತಾರೆ ಎಂಬುದು ನಿಜ, ಅಪರೂಪ, ಹೆಮ್ಮೆಯ ಸಂಗತಿ. ಆದರೆ ವರ್ಷಕ್ಕೊಮ್ಮೆಯ ಉರುಸು ವರ್ಷವಿಡೀ ನೆರೆಹೊರೆಯನ್ನು ಕಾಯಲಾರದು. ಗಮನಿಸಬೇಕಾದದ್ದು ಬೇರೆ. ವಿವಾದ ಹುಟ್ಟಿದ್ದು ಬೇಲಿ ಹಾಕಿ, ಬೀಗ ಜಡಿದ, ದಿನನಿತ್ಯದ ಕೆಲಸವಿಲ್ಲದ ಆವರಣದಲ್ಲಿ. ಚೌಬಾರಾದ ಬುಡ ಯಾರದೆಂಬ ಜಗಳ ಹಾಗೆ ಸುಲಭಕ್ಕೆ ಹುಟ್ಟದು, ಏಕೆಂದರೆ ಬೆಳಗಾದರೆ ಅಲ್ಲಿ ಎಲ್ಲರಿಗೂ ಏನಾದರೊಂದು ಕೆಲಸ ಇರುತ್ತದೆ. ಖಾಲಿ ಬಿಟ್ಟ ಜಾಗದ ಮೇಲೆ ಹಕ್ಕು ಹೂಡುವುದು ಸುಲಭ. ಗಿಜಿಗುಡುವ ಜಾಗದ ಮೇಲೆ ಹೂಡಲು ಹೋದರೆ ಮೊದಲು ಹಣ್ಣಿನ ಗಾಡಿಯವನೊಡನೆ ಮಾತಾಡಬೇಕಾಗುತ್ತದೆ.

ಚೌಬಾರಾದ ದಾರಿಯಲ್ಲಿ ಇಂದಿಗೂ ಬಿದರಿ ಕೆಲಸದವರ ಸುತ್ತಿಗೆಯ ಸದ್ದಿದೆ. ಸತುವು, ತಾಮ್ರದ ಎರಕ, ಅದರ ಮೇಲೆ ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ, ಕೊನೆಗೆ ಕೋಟೆಯ ಹಳೇ ಮಣ್ಣಿನ ಕುದಿ. ಅದರಿಂದ ಎರಕ ಮಾತ್ರ ಕಪ್ಪಾಗಿ ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಈ ಕಸುಬಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, 2023ರಲ್ಲಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀಯೂ ಬಂತು. ಪರಂಪರೆ ಎಂದರೆ ಇದೇ ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಕೆಲಸ ನಡೆಯುವ ಕಿರಿದಾದ ಅಂಗಡಿ, ಹಿಂದಿನ ಕುಲುಮೆಯ ಕೋಣೆ, ಮೇಲಿನ ಮನೆ ಯಾವ ಸ್ಮಾರಕಪಟ್ಟಿಯಲ್ಲೂ ಇಲ್ಲ. ಕಸುಬಿಗೆ ಪ್ರಶಸ್ತಿ, ಕಸುಬುದಾರನ ಗೋಡೆಗೆ ನೋಟೀಸು. ಇಕ್ಕಟ್ಟಿನ ಮನೆ, ಕಟ್ಟಿದ ಮೋರಿ, ಬೆಳಕಿಲ್ಲದ ಕೋಣೆ ಬಿಟ್ಟು ಹೊಸ ಬಡಾವಣೆಗೆ ಹೋಗಲು ಹಳೇ ಶಹರದವರೇ ತವಕಿಸುತ್ತಿರುವಾಗ ದೂರ ಕೂತು ಗಲ್ಲಿಯ ಸೊಗಸು ಹೊಗಳುವುದು ಎಷ್ಟು ಸರಿ ಎಂದು ಯಾರಾದರೂ ಚುಚ್ಚಿದರೆ, ಚುಚ್ಚಿದ್ದು ಸರಿಯಾದ ಜಾಗಕ್ಕೇ. ಹೋಗುವವರನ್ನು ಹಿಡಿದು ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ. ಇರಬೇಕೆಂದು ಬಯಸುವವರಿಗೆ ಇರುವ ದಾರಿಯನ್ನಾದರೂ ಮುಚ್ಚಬಾರದು ಎಂಬುದಷ್ಟೇ ನನ್ನ ಮಾತು.

ಅದಕ್ಕೆ ಬೇಕಾದ ಕಟ್ಟಳೆ ಹೊಸದಾಗಿ ಹುಟ್ಟಬೇಕಿಲ್ಲ. 2010ರ ತಿದ್ದುಪಡಿಯೇ ಪ್ರತಿ ಸ್ಮಾರಕಕ್ಕೂ ಪಾರಂಪರಿಕ ಉಪವಿಧಿಗಳನ್ನು ಬರೆಯಬೇಕೆಂದು ಹೇಳುತ್ತದೆ. ಮದರಸಾಕ್ಕೊಂದು, ಕೋಟೆಗೊಂದು ಎಂದು ಬೇರೆಬೇರೆಯಾಗಿ ಬರೆಯುವ ಬದಲು, ಫತೇ ದರ್ವಾಜಾದ ಕಡೆಯಿಂದ ಚೌಬಾರಾ, ಗವಾನ್ ಚೌಕ, ತಖ್ತ್-ಎ-ಕಿರ್ಮಾನಿ ಹಾದು ಕೋಟೆಯ ಬಾಗಿಲವರೆಗಿನ ದಾರಿಯನ್ನು ಒಂದೇ ಜಾಗವೆಂದು ಹಿಡಿದು ಬರೆಯಬಹುದು. ಎತ್ತರಕ್ಕೆ ಮಿತಿ ಇರಲಿ, ಬೀದಿಯ ಸಾಲು ಕೆಡದಿರಲಿ. ಗಚ್ಚು, ಕಟ್ಟಿಗೆ, ಜಂಬಿಟ್ಟಿಗೆಯಲ್ಲಿ ಮಾಡುವ ರಿಪೇರಿಗೆ ದೆಹಲಿಯ ಕಡೆ ನೋಡದೆ ಬೀದರಿನಲ್ಲೇ, ತಿಂಗಳೊಳಗೆ ಅನುಮತಿ ಸಿಗಲಿ. ಮದರಸಾದ ಅಂಗಳದಲ್ಲಿ ಒಂದು ವಾಚನಾಲಯವೋ ಹಸ್ತಪ್ರತಿಗಳ ಪ್ರದರ್ಶನವೋ ನಡೆದರೆ, ನಾಲ್ಕು ಭಾಷೆಯ ಪುಸ್ತಕಗಳು ಅಲ್ಲಿ ಸಿಕ್ಕರೆ, ಕಲ್ಲಿಗೆ ಧಕ್ಕೆಯಾಗುವುದಿಲ್ಲ. ಇಲಾಖೆಯ ಸ್ಮಾರಕಗಳಲ್ಲೇ ವಸ್ತುಸಂಗ್ರಹಾಲಯಗಳು ನಡೆಯುತ್ತಿರುವುದು ಹೊಸದೇನಲ್ಲ. ಬೀದರನ್ನು ದಖನ್ ಸುಲ್ತಾನರ ಕೋಟೆ, ಸ್ಮಾರಕಗಳ ಸಾಲಿನಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿಸಿದ್ದು 2014ರಲ್ಲಿ. ಪಟ್ಟಿ ಪಕ್ಕಾ ಆಗುವ ದಿನಕ್ಕೆ ಕಾಯುತ್ತ ಕೂತ ಊರು, ಆ ಹೊತ್ತಿಗೆ ತೋರಿಸಲು ಗುಮ್ಮಟ, ಬುರುಜುಗಳ ಜೊತೆಗೆ ತೆರೆದ ಅಂಗಡಿಗಳ ಒಂದು ಬೀದಿಯನ್ನೂ ಇಟ್ಟುಕೊಂಡಿರಬೇಕಾದರೆ ಉಪವಿಧಿಯ ಕರಡು ಈಗಲೇ ನಗರಾಡಳಿತದ ಮೇಜಿನ ಮೇಲೆ ಬರಬೇಕು, ಅದರ ಮೇಲೆ ಆಕ್ಷೇಪ ಕೇಳುವ ಸಭೆ ನಾಲ್ಕು ತಾಲೀಮಿನ ಮೊಹಲ್ಲಾಗಳಲ್ಲೇ ನಡೆಯಬೇಕು.